ಬೆಟ್ಟ ಕದ್ದ ಕೈರುಚಿ

ಬೆಟ್ಟದ ನೆತ್ತಿಯಲ್ಲಿ ಸುರಂಗ ಕೊರೆಯುವ ಮೂವತ್ತು ಜನಕ್ಕೆ ಅಡುಗೆ ಮಾಡುವವನಿಗೆ ಅವರೆಲ್ಲ ಸೇರಿ ಇಟ್ಟ ಹೆಸರು ಕಲ್ಲುಕಾಳಣ್ಣ. ಆ ಎತ್ತರದಲ್ಲಿ ನೀರು ಪೂರ್ತಿ ಕಾಯುವ ಮೊದಲೇ ಕುದಿಯುತ್ತದೆ. ಕಾಳು ಮಾತ್ರ ಜಪ್ಪಯ್ಯ ಅಂದರೂ ಬೇಯುವುದಿಲ್ಲ. ಆಮೇಲೆ ದೊಡ್ಡ ಕುಕ್ಕರ್ ಬಂದು ಕಾಳು ಬೆಣ್ಣೆಯಂತಾಯಿತು, ಹೆಸರು ಹಾಗೇ ಉಳಿಯಿತು. ಉಳಿಯಲಿ ಬಿಡಿ, ಹೆಸರಿನಿಂದ ಯಾರ ಹೊಟ್ಟೆ ತುಂಬೀತು?

ಆದರೆ ಹೊಟ್ಟೆಯದೇ ತಕರಾರು. ಕಾಳು ಬೆಂದ ಮೇಲೂ ತಟ್ಟೆಗಳು ಅರ್ಧಕ್ಕರ್ಧ ವಾಪಸ್ಸು ಬರುತ್ತಿದ್ದವು.

"ಸಾಕಣ್ಣಾ, ಹೊಟ್ಟೆ ಉಬ್ಬರ," ಎಂದು ಒಬ್ಬ. "ವಾಸನೆಗೇ ವಾಕರಿಕೆ ಬರುತ್ತೆ," ಎಂದು ಇನ್ನೊಬ್ಬ.

ಅವನೇ ರುಚಿ ನೋಡಿದರೂ ಸಾರು ಸಪ್ಪೆ. ಅಯ್ಯೋ, ಕೈರುಚಿಯೇ ಹೋಯಿತು ಎಂದುಕೊಂಡ. ಹೆಂಡತಿ ತೀರಿಕೊಂಡ ಮೂರೇ ತಿಂಗಳಿಗೆ ಮನೆಗೆ ಬೀಗ ಹಾಕಿ ಬಂದವನು ಅವನು. ಅವನ ಪಾಲಿಗೆ ಉಳಿದಿದ್ದು ಆ ಕೈಯೊಂದೇ.

ವಾರಕ್ಕೊಮ್ಮೆ ಎಲ್ಲರ ತೂಕ ನೋಡಲು ಬರುವ ನರ್ಸ್ ಹತ್ತಿರ, ಕೆಲಸ ಬಿಡುತ್ತೇನೆ ಎಂದ. ಅವಳು ನಕ್ಕುಬಿಟ್ಟಳು.

"ಇಲ್ಲಿ ಗಾಳಿ ತೆಳು ಕಣಣ್ಣಾ. ಉಸಿರಿಗೇ ಪರದಾಡೋ ಮೈ, ಹೊಟ್ಟೆ ಕಡೆ ಎಲ್ಲಿ ನೋಡುತ್ತೆ? ಹಸಿವು ಸಾಯುತ್ತೆ, ಹೊಟ್ಟೆಯೊಳಗಿನ ಗಾಳಿ ಹಿಗ್ಗುತ್ತೆ, ನಾಲಿಗೆಗೂ ಮಂಕು. ನಿಮ್ಮ ಕೈದೇನು ತಪ್ಪು?"

"ಸಮಾಧಾನಕ್ಕೆ ಹೇಳ್ತೀರಮ್ಮ."

"ಹಾಗಾದ್ರೆ ಕೆಳಗೆ ಹೋಗಿ ಇದೇ ಸಾರು ಮಾಡಿ ನೋಡಿ. ಆಮೇಲೆ ಬಿಡೋ ಮಾತಾಡಿ."

ಎರಡು ದಿನ ರಜೆ ಹಾಕಿ ಇಳಿದ. ಬೀಗ ತೆಗೆದು, ಒಲೆಯ ಮೇಲಿನ ಧೂಳು ಒರೆಸಿ, ಅದೇ ಕಾಳು, ಅದೇ ಅಳತೆಯಲ್ಲಿ ಸಾರಿಗಿಟ್ಟ. ಒಗ್ಗರಣೆ ಚಟಪಟ ಅಂದದ್ದೇ ತಡ, ಹೊಟ್ಟೆ ಚುರುಗುಟ್ಟಿತು. ಎಷ್ಟು ದಿನವಾಗಿತ್ತು ಹಾಗೆ ಹಸಿದು! ಒಂದು ತುತ್ತು ಬಾಯಿಗಿಟ್ಟ. ರುಚಿ ಎಲ್ಲಿಗೂ ಹೋಗಿರಲಿಲ್ಲ. ಮೂರು ಸಲ ಬಡಿಸಿಕೊಂಡು ಉಂಡ.

ಅವನು ಏನೇ ಮಾಡಿದರೂ ಹೆಂಡತಿಯದು ಒಂದೇ ರಾಗ: "ಉಪ್ಪು ಒಂಚೂರು ಜಾಸ್ತಿ ಆಯ್ತು ನೋಡಿ." ಮೂವತ್ತು ವರ್ಷ ಅದಕ್ಕೇ ಜಗಳ.

"ಇವತ್ತು ಸರಿಯಾಗಿದೆ ಕಣೇ," ಎಂದ ಎದುರಿನ ಖಾಲಿ ಮಣೆಗೆ. ಉಪ್ಪು ಜಾಸ್ತಿ ಎನ್ನಲು ಅಲ್ಲಿ ಯಾರೂ ಇರಲಿಲ್ಲ. ಬಿಕ್ಕಿ ಬಿಕ್ಕಿ ಅತ್ತ.

ಎರಡನೆಯ ದಿನದ ರಜೆ ಹಾಗೇ ಉಳಿಯಿತು; ಬೆಳಗಿನ ಮೊದಲ ಲಾರಿ ಹತ್ತಿದ. ಮೇಲೆ ಯಾರಿಗೂ ರುಚಿ ತಿಳಿಯದು, ನಿಜ. ಆದರೆ "ಸಾಕಣ್ಣಾ" ಎನ್ನಲಾದರೂ ಅಲ್ಲಿ ಮೂವತ್ತು ಜನ ಇದ್ದರು.