ಇಂಗ್ಲಿಷಿನಲ್ಲಿ ಬಂದ ಜ್ವರ

ಈವತ್ತಿನ ಇಂಗ್ಲಿಷ್ ಪೇಪರಿನಲ್ಲಿ ನನ್ನ ಮಗನ ಸ್ನೇಹಿತನೊಬ್ಬನ ಫೋಟೊ ಬಂದಿದೆ. ‘ಬ್ರೀಫ್ ಇಲ್‌ನೆಸ್’ನಿಂದ ತೀರಿಕೊಂಡನಂತೆ. ಅಲ್ಪಕಾಲದ ಕಾಯಿಲೆ! ನಾನು ಬಲ್ಲಂತೆ ಆತ ಕಾಲೇಜು ಬಿಟ್ಟಾಗಿನಿಂದ ಕುಡಿಯುತ್ತಿದ್ದ. ಶನಿವಾರ ಸಂಜೆ ಸ್ಕೂಟರು ತಂದು ನನ್ನ ಮಗನನ್ನು ಕೂರಿಸಿಕೊಂಡು ಹೋಗುತ್ತಿದ್ದವನೂ ಅವನೇ. ಓದುತ್ತಾ ಓದುತ್ತಾ ನನಗೆ ನಗು ತಡೆಯಲಾಗಲಿಲ್ಲ. ಸಾವಿನ ಸುದ್ದಿಗೆ ನಗುವ ಮುದುಕಿಯನ್ನು ಸೊಸೆ ದುರುಗುಟ್ಟಿ ನೋಡಿದಳು. “ನಕ್ಕಿದ್ದು ಅವನಿಗಲ್ಲ ಕಣಮ್ಮ, ಇಂಗ್ಲಿಷಿಗೆ” ಎಂದೆ. ಅವಳು ಪೇಪರನ್ನು ನನ್ನ ಕೈಯಿಂದ ಕಿತ್ತುಕೊಂಡು ಒಳಗೆ ಹೋದಳು. ನೀವಾದರೂ ಸ್ವಲ್ಪ ಪುರುಸೊತ್ತು ಮಾಡಿಕೊಂಡು ಕೇಳಿ.

ನಾನು ಮದುವೆಯಾಗಿ ನ್ಯಾಮತಿಗೆ ಬಂದದ್ದು ಯುದ್ಧದ ಕಾಲದಲ್ಲಿ. ತವರು ಚನ್ನಗಿರಿ. ಅಲ್ಲಿ ನಾಲ್ಕಕ್ಷರ ಇಂಗ್ಲಿಷ್ ಕಲಿತಿದ್ದೆ, ಆ ಜಂಬವೂ ಇತ್ತು. ಆದರೆ ಗಂಡನ ಮನೆಯಲ್ಲಿ ನನ್ನ ಇಂಗ್ಲಿಷು ಬೆಂಕಿಪೊಟ್ಟಣದ ಮೇಲಿನ ಹೆಸರು ಓದುವುದಕ್ಕಷ್ಟೇ ಬೇಕಾಯಿತು. ಯಾಕೆಂದರೆ ಮನೆಯ ಇಂಗ್ಲಿಷೆಲ್ಲ ನಮ್ಮ ಮಾವನವರದು. ಹೊನ್ನಾಳಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾಗಿದ್ದರು. ಒಂದು ಅರ್ಜಿ ಬರೆಯಬೇಕಾದರೆ ಮೊದಲು ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಲಿಂಗಪೂಜೆಗೆ ಕೂತ ಹಾಗೆ ಕೂರುತ್ತಿದ್ದರು. ಬರೆದದ್ದನ್ನು ಗಟ್ಟಿಯಾಗಿ ಓದಿ ತಾವೇ ತಲೆದೂಗುತ್ತಿದ್ದರು. ಕೇಳುವವರು ಯಾರೂ ಇಲ್ಲದಿದ್ದರೆ ನನ್ನನ್ನು ಕರೆದು ಕೂರಿಸುತ್ತಿದ್ದರು.

ಅವರ ಹಿರಿಯ ಮಗ, ನನ್ನ ಬಾವ, ಊರಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರು. ಬಲು ಸೌಮ್ಯ ಮನುಷ್ಯ. ಮಕ್ಕಳಿಗೆ ಏಟು ಹಾಕಿದವರಲ್ಲ, ಹೆಂಡತಿಯ ಮೇಲೆ ದನಿ ಎತ್ತಿದವರಲ್ಲ. ಕುಡಿಯುತ್ತಿದ್ದರು. ಸ್ಕೂಲಿನಿಂದ ನೇರ ಮನೆಗೆ ಬರುವ ದಾರಿ ಬಿಟ್ಟು ಸಾರಾಯಿ ಅಂಗಡಿಯ ದಾರಿ ಹಿಡಿಯುತ್ತಿದ್ದರು. ಊರಿನ ಮರ್ಯಾದಸ್ಥರು “ಮೇಷ್ಟ್ರು ಸ್ವಲ್ಪ ತಗೋತಾರೆ” ಎನ್ನುತ್ತಿದ್ದರು, ಬಾವಿಕಟ್ಟೆಯಲ್ಲಿ ಹೆಂಗಸರು “ಈವತ್ತೂ ಏರಿಸ್ಕೊಂಡು ಬಂದಾನೆ” ಎನ್ನುತ್ತಿದ್ದರು, ಮಾವನವರು ಕೋಪ ಬಂದಾಗ ನೆರೆಹೊರೆಗೆ ಕೇಳುವಂತೆ “ಕುಡುಕ ನನ್ಮಗನೆ” ಎಂದು ಕೂಗುತ್ತಿದ್ದರು. ಕನ್ನಡದಲ್ಲಿ ಎಲ್ಲರೂ ಎಲ್ಲವನ್ನೂ ಅಂದಿದ್ದರು. ಬಾವ ಏಳಲಾರದ ದಿನ ಮಾತ್ರ ಸ್ಕೂಲಿಗೆ ಅರ್ಜಿ ಹೋಗಬೇಕಿತ್ತು, ಅದು ಇಂಗ್ಲಿಷಿನಲ್ಲಿ. ಕೂಗಿ ಕೂಗಿ ಗಂಟಲು ಕಟ್ಟಿದ ಮಾವನವರು ಆಗ ಕೈಕಾಲು ತೊಳೆದು ಕೂತು, ಮಗನಿಗೆ ‘ಮಲೇರಿಯಲ್ ಫೀವರ್’ ಎಂದು ಬರೆಯುತ್ತಿದ್ದರು. ಬಾವ ಕಣ್ಣು ಬಿಡದೆಯೇ ಸಹಿ ಹಾಕುತ್ತಿದ್ದರು. ನಮ್ಮ ಮನೆಯ ಇಂಗ್ಲಿಷಿನಲ್ಲಿ ಯಾರೂ ಒಂದು ತೊಟ್ಟು ಮುಟ್ಟಿದವರಲ್ಲ.

ಗಿರಿಜಕ್ಕ, ಅಂದರೆ ಬಾವನ ಹೆಂಡತಿ, ಇಂಗ್ಲಿಷ್ ಓದಿದವಳಲ್ಲ. ಅವಳಿಗೆ ಇದ್ದದ್ದು ಒಂದೇ ಚಿಂತೆ. ಹೊನ್ನಾಳಿಯ ಡಾಕ್ಟರು ಬಾವನ ಹೊಟ್ಟೆ ಒತ್ತಿ ನೋಡಿ, “ಲಿವರ್ ಊದ್ಕೊಂಡೈತೆ ತಾಯಿ. ಹಿಂಗೇ ಕುಡಿದ್ರೆ ಬಾಳ ದಿನ ಉಳಿಯಾಕಿಲ್ಲ” ಎಂದಿದ್ದರು. ಅಂದಿನಿಂದ ಅವಳು ಬಾವನನ್ನು ನೋಡುವ ರೀತಿಯೇ ಬದಲಾಯಿತು. ಅವರು ಊಟಕ್ಕೆ ಕೂತರೆ ಎಷ್ಟು ತಿಂದರು ಎಂದು ನೋಡುವಳು, ಮಲಗಿದರೆ ಉಸಿರು ನೋಡುವಳು.

ಇಷ್ಟರಲ್ಲಿ ಮಾವನವರ ಅರ್ಜಿಗಳು ಕೆಲಸ ಮಾಡಿಬಿಟ್ಟವು. ಶಿವಮೊಗ್ಗೆಯಲ್ಲಿದ್ದ ಮೇಲಧಿಕಾರಿ ಕರುಣಾಳು ಮನುಷ್ಯ ಇರಬೇಕು. ಪಾಪ, ಈ ಮೇಷ್ಟರಿಗೆ ಚಳಿಜ್ವರ ಬಿಡುತ್ತಲೇ ಇಲ್ಲವಲ್ಲ, ಮಲೆನಾಡ ಸೆರಗಿನ ಹವೆ ಒಗ್ಗಿಲ್ಲ ಎಂದುಕೊಂಡು, ಒಣಹವೆಯ ಜಗಳೂರಿಗೆ ವರ್ಗ ಮಾಡಿದರು. ಆಸ್ಪತ್ರೆಯಿಂದ ಕ್ವಿನೈನ್ ಮಾತ್ರೆಯನ್ನೂ ಕೊಡಿಸಿದರು. ಆಗ ಕ್ವಿನೈನ್ ಸಿಗುವುದೇ ಕಷ್ಟ. ಯಾರಾದರೂ ಕೇಳಿದರೆ ಎಂದು ಮಾವನವರು ಅದನ್ನು ಬಾವನಿಗೆ ನುಂಗಿಸಿಯೂ ನುಂಗಿಸಿದರು. ಜ್ವರವೇ ಇಲ್ಲದ ಮನುಷ್ಯ ಕಿವಿ ಗುಂಯ್‌ಗುಟ್ಟುತ್ತದೆ ಎಂದು ತಲೆ ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದರು. ಉಳಿದದ್ದನ್ನು ಗಿರಿಜಕ್ಕ ನಿಜವಾಗಿ ನಡುಗುತ್ತಿದ್ದ ಪಕ್ಕದ ಮನೆಯ ಮಗುವಿಗೆ ಕೊಟ್ಟಳು.

ಹೊಸ ಊರು, ಗಿರಿಜಕ್ಕನಿಗೆ ಜೊತೆಗೊಬ್ಬರು ಇರಲಿ ಎಂದು, ನನ್ನ ಯಜಮಾನರನ್ನು ನ್ಯಾಮತಿಯಲ್ಲೇ ಉಳಿಸಿಕೊಂಡು, ಕೆಲವು ತಿಂಗಳ ಮಟ್ಟಿಗೆ ನನ್ನನ್ನೂ ಜಗಳೂರಿಗೆ ಕಳಿಸಿದರು. ಹವೆ ಒಣದಾಗಿತ್ತು, ಆ ಮಾತು ಸುಳ್ಳಲ್ಲ. ಸಾರಾಯಿ ಅಂಗಡಿ ಅಲ್ಲೂ ಇತ್ತು. ಕೆಲವು ವಾರ ಬಾವ ನೆಟ್ಟಗಿದ್ದರು. ಆಮೇಲೆ ಒಂದು ದಿನ ಸ್ಕೂಲಿಗೆ ಹೋಗಲಿಲ್ಲ, ಮರುದಿನವೂ ಏಳಲಿಲ್ಲ. ಅಲ್ಲಿ ಅರ್ಜಿ ಬರೆಯಲು ಮಾವನವರಿರಲಿಲ್ಲ. ಹೆಡ್‌ಮೇಷ್ಟರೇ ಮನೆಗೆ ಬಂದರು. ವಯಸ್ಸಾದವರು, ಒಳ್ಳೆಯವರು. ಮಂಚದ ಕಡೆ ಒಮ್ಮೆ ನೋಡಿದರು, ವಾಸನೆ ಅವರಿಗೂ ಬಡಿದಿರಬೇಕು. ಚಾಪೆಯ ಮೇಲೆ ಕೂತು, ಜೇಬಿನಿಂದ ಪೆನ್ನು ತೆಗೆದರು.

“ಜ್ವರ ಅಂತ ನಾನೇ ಬರೀತೀನಿ ತಾಯಿ. ಅವರು ಎದ್ದು ಸಹಿ ಹಾಕಿದ್ರೆ ಸಾಕು.”

“ಬ್ಯಾಡ್ರಿ” ಎಂದಳು ಗಿರಿಜಕ್ಕ. “ಜ್ವರ ಆಗಿದ್ರೆ ಇಷ್ಟೊತ್ತಿಗೆ ಬಿಡ್ತಿತ್ತು. ಕುಡೀತಾರೆ, ಅದಕ್ಕೇ ಬರಾಕೆ ಆಗಿಲ್ಲ ಅಂತ ಬರೀರಿ. ದುರ್ಗದ ದೊಡ್ಡಾಸ್ಪತ್ರೆಗೆ ಸೇರಿಸಬೇಕು, ರಜ ಬೇಕು ಅಂತ ಬರೀರಿ.”

ಹೆಡ್‌ಮೇಷ್ಟರು ಗಾಬರಿಯಾದರು. “ಹಂಗೆ ಬರೆದ್ರೆ ಕೆಲಸ ಹೋಗ್ತೈತೆ ತಾಯಿ.”

“ಹೋಗ್ಲಿ ಬಿಡ್ರಿ. ನನಗೆ ಮನುಷ್ಯ ಬೇಕು.”

ಅವರು ಹಾಳೆ ಮುಂದಿಟ್ಟುಕೊಂಡು ತಾರೀಖು ಬರೆದು ಅಲ್ಲಿಗೇ ನಿಲ್ಲಿಸಿದರು. ಜನ್ಮದಲ್ಲಿ ಅಂಥ ಅರ್ಜಿ ಬರೆದವರಲ್ಲ. ಅಷ್ಟರಲ್ಲಿ ಬಾವ ಎದ್ದು ಕೂತರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಹೆಂಡತಿಯ ಮೇಲೆ ಈವತ್ತು ಕೈ ಮಾಡುತ್ತಾರೆ ಎಂದುಕೊಂಡೆ. ಅವರು ಕೈ ಚಾಚಿ, “ಪೆನ್ನು ಕೊಡ್ರಿ ಸಾರ್, ನಾನೇ ಬರೀತೀನಿ” ಎಂದರು.

ಹಾಳೆ ಜಾರುತ್ತಿತ್ತು. ಗಿರಿಜಕ್ಕ ಎದುರಿಗೆ ಕೂತು ಎರಡೂ ಕೈಯಲ್ಲಿ ಹಾಳೆಯನ್ನು ಒತ್ತಿ ಹಿಡಿದಳು. ಮಕ್ಕಳಿಗೆ ಕಾಪಿ ಬರೆಸುತ್ತಿದ್ದ ಮೇಷ್ಟರ ಅಕ್ಷರ ಆ ದಿನ ಇರುವೆ ಹರಿದಂತಿತ್ತು. ಬರೆದು ಮುಗಿಸಿ ಸಹಿ ಮಾಡಿದರು. “ಏನಂತ ಬರೆದ್ರಿ?” ಎಂದು ಕೇಳಿದಳು. ಬಾವ ತಲೆ ತಗ್ಗಿಸಿ ಕನ್ನಡದಲ್ಲಿ ಹೇಳಿದರು: “ನಾನು ಕುಡೀತೀನಿ. ಬಿಡಾಕೆ ನನ್ನ ಕೈಲಿ ಆಗ್ತಿಲ್ಲ.” ಅದುವರೆಗೆ ಊರೆಲ್ಲ ಆಡಿದ್ದ ಮಾತನ್ನು ಅವರ ಬಾಯಲ್ಲಿ ನಾವು ಕೇಳಿದ್ದು ಆಗಲೇ. ಗಿರಿಜಕ್ಕ ಅತ್ತಳು, ನಾನೂ ಅತ್ತೆ. ಹೆಡ್‌ಮೇಷ್ಟರು ಕನ್ನಡಕ ಒರೆಸಿಕೊಳ್ಳುತ್ತಾ ಹೊರಗೆ ಹೋಗಿ ನಿಂತರು.

ಅಲ್ಲಿಂದ ಎಲ್ಲ ಸರಿಹೋಯಿತು ಎಂದು ಹೇಳಿದರೆ ನಾನೂ ಮಾವನವರ ಇಂಗ್ಲಿಷ್ ಬರೆದ ಹಾಗಾಗುತ್ತದೆ. ಕೆಲಸ ಹೋಯಿತು. ಆಸ್ಪತ್ರೆಯಿಂದ ಬಂದ ಮೇಲೂ ಬಾವ ಮತ್ತೆ ಕುಡಿದದ್ದುಂಟು, ಮತ್ತೆ ಬಿಟ್ಟದ್ದುಂಟು. “ಮನೆ ಮಾನಾನ ಸರ್ಕಾರಕ್ಕೆ ಬರೆದು ಕೊಟ್ಟಳು” ಎಂದು ಮಾವನವರು ಗಿರಿಜಕ್ಕನ ಕೈಯ ನೀರನ್ನೂ ಬಹಳ ಕಾಲ ಮುಟ್ಟಲಿಲ್ಲ. ಬಾವ ಮನೆಪಾಠ ಹೇಳಿಕೊಂಡು ಬದುಕಿದರು. ಕುಡಿದ ದಿನ ಅವರೇ ಬಂದು ಹೆಂಡತಿಯ ಮುಂದೆ “ಈವತ್ತು ಕುಡಿದೆ” ಎನ್ನುತ್ತಿದ್ದರು. ಹಾಗೆ ಹೇಳುವ ದಿನಗಳು ಕಡಿಮೆಯಾಗುತ್ತಾ ಬಂದವು. ಡಾಕ್ಟರು ಕೊಟ್ಟ ಗಡುವನ್ನು ಎಷ್ಟೋ ಮೀರಿ ಬದುಕಿ, ತಲೆ ನೆರೆದ ಮೇಲೆ ಹೋದರು.

ಇಷ್ಟು ಬರೆಯುವ ಹೊತ್ತಿಗೆ ಬಿಸಿಲು ಏರಿದೆ. ಸೊಸೆ ಅಡಿಗೆಮನೆಯಲ್ಲಿ ಮಗನ ಆಫೀಸಿಗೆ ಫೋನು ಮಾಡಿ, ‘ವೈರಲ್ ಫೀವರ್, ಸರ್’ ಎನ್ನುತ್ತಿರುವುದು ಕೇಳಿಸುತ್ತಿದೆ. ನನ್ನ ಮಗ ಕುಡಿಯುತ್ತಾನೆ. ಈ ಮಾತನ್ನು ನಾನು ಈವರೆಗೆ ಯಾವ ಭಾಷೆಯಲ್ಲೂ ಆಡಿರಲಿಲ್ಲ. ನಿಮ್ಮ ಮುಂದೆ ಹೇಳುವುದು ಸುಲಭ, ನೀವು ಹೊರಗಿನವರು. ಅವನ ಎದುರಿಗೆ ಕೂತು ಹೇಳಬೇಕು, ಹೇಳಿ ಅವನ ಬಾಯಿಂದಲೂ ಕೇಳಬೇಕು. ನೆನೆಸಿಕೊಂಡರೆ ಭಯವಾಗುತ್ತದೆ. ಬಚ್ಚಲಲ್ಲಿ ನೀರಿನ ಸದ್ದಾಗುತ್ತಿದೆ. ಎದ್ದಿದ್ದಾನೆ.