ಅಣ್ಣನ ಮೂಗಿಗಾಗಿ ನಡೆದ ಜಗಳ

ಅಣ್ಣನಿಗೆ ಫಿಟ್ಸ್ ಬಂದಾಗಲೆಲ್ಲ ನಾವು ಜೀಪು ಮಾಡಿಕೊಂಡು ಮಿರಜದ ಆಸ್ಪತ್ರೆಗೆ ಓಡುತ್ತಿದ್ದೆವು. ಸಲಾಯಿನ್ ಹಚ್ಚಿ ಮಲಗಿಸಿಕೊಂಡರೆ ಮೂರ್ನಾಲ್ಕು ದಿನ ಮನೆಯವರೆಲ್ಲರ ಊಟ ನಿದ್ದೆ ವಾರ್ಡಿನಲ್ಲೇ. ಅಲ್ಲಿನ ಆಯಾ ನಮ್ಮನ್ನು ಕಂಡ ಕೂಡಲೇ, "ಬಂದ್ರೇನ್ರಿ? ಆ ಕಿಟಕಿ ಕಡೀದು ಕಾಟ್ ಖಾಲಿ ಐತಿ ನೋಡ್ರಿ" ಎಂದು ನೆಂಟರನ್ನು ಕರೆದಂತೆ ಕರೆಯುತ್ತಿದ್ದಳು.

ಕೊನೆಗೊಮ್ಮೆ ಡಾಕ್ಟರು ಮೂಗಿಗೆ ಹೊಡೆಯುವ ಸ್ಪ್ರೇ ಬರೆದುಕೊಟ್ಟರು. ಐದು ನಿಮಿಷವಾದರೂ ಫಿಟ್ಸ್ ನಿಲ್ಲದಿದ್ದರೆ ಅದು. ಅದಕ್ಕೂ ನಿಲ್ಲದಿದ್ದರೆ ಮಾತ್ರ ಆಸ್ಪತ್ರೆ. ಬಿ.ಎಸ್ಸಿ. ಓದಿದವಳೆಂದು ಅದನ್ನು ನನ್ನ ವಶಕ್ಕೆ ಕೊಟ್ಟರು.

ಅವತ್ತು ನಾವಿಬ್ಬರೂ ಕೂತಿದ್ದ ಯಡೂರಿನ ಬಸ್ಸು ಅಂಕಲಿ ದಾಟಿತ್ತು. ಅಣ್ಣ ಕೂತಲ್ಲೇ ಸೆಟೆದುಕೊಂಡ. ಡ್ರೈವರ್ ಬಸ್ಸು ನಿಲ್ಲಿಸಿದ. ಅಣ್ಣನನ್ನು ಕೆಳಗಿಳಿಸಿ ಮಗ್ಗುಲಾಗಿ ಮಲಗಿಸಿ ಗಡಿಯಾರ ನೋಡುತ್ತ ಕೂತೆ. ಕೈಕಾಲು ಬಡಿತ ನಿಲ್ಲಲಿಲ್ಲ. ತುಟಿ ನೀಲಿಗಟ್ಟುತ್ತಿತ್ತು. ಆ ಬಣ್ಣದ ಸೀರೆಯನ್ನು ನಾನು ಇಂದಿಗೂ ಕೊಳ್ಳುವುದಿಲ್ಲ.

"ಚಪ್ಪಲಿ ಮೂಸಸ್ರಿ!" ಎಂದು ಹಿಂದಿನ ಸೀಟಿನ ಹೆಂಗಸು ಕಾಲಿನಿಂದ ಸ್ಲಿಪ್ಪರ್ ಕಳಚಿದಳು.

ರುಮಾಲಿನ ಅಜ್ಜನೊಬ್ಬ ಅವಳ ಕೈ ತಡೆದು ತನ್ನ ತೊಗಲಿನ ಚಪ್ಪಲಿ ಮುಂದೆ ಹಿಡಿದ. "ರಬ್ಬರಿಂದು ಏನ್ ಮಾಡತೈತಿಬೇ? ತೊಗಲಿಂದ ಬೇಕು. ಇದು ಅಥಣಿ ಮಾಲ್!"

"ನಿಂದು ಹೊಸಾದು ಐತಿ ಅಜ್ಜಾ, ವಾಸ್ನೀನ ಇಲ್ಲ."

"ನಾಕ್ ವರ್ಷ ಮೆಟ್ಟೇನಿ! ಬೇಕಂದ್ರ ನೀನ ಮೂಸ್ ನೋಡು!"

ಅವಳು ಹಿಂದೆ ಸರಿದಳು. ಅಷ್ಟರಲ್ಲಿ ಐದು ನಿಮಿಷ ಕಳೆದವು. ಮೂಗು ಖಾಲಿಯಿದೆಯೆಂದು ನಾನು ಸ್ಪ್ರೇ ಹೊಡೆದೆ. ಔಷಧ ಒಳಗೆ ಹೋಯಿತೋ ಮೀಸೆಗೆ ಬಿತ್ತೋ ತಿಳಿಯಲಿಲ್ಲ.

ಅಜ್ಜ ಸಿಟ್ಟಾದ. "ಏ ತಂಗಿ, ಸೆಂಟ್ ಯಾಕ್ ಹೊಡದಿ? ಚಪ್ಪಲಿ ಪವರ್ ಎಲ್ಲಾ ಹೋತಲಾ!"

ನಾನು ಅಣ್ಣನ ತುಟಿಯನ್ನೇ ನೋಡುತ್ತ ಕೂತೆ. ಬಡಿತ ಮೆಲ್ಲಗಾಯಿತು, ನಿಂತಿತು. ಅಣ್ಣ ಉದ್ದಕ್ಕೊಂದು ಉಸಿರೆಳೆದು ಗೊರಕೆ ಶುರು ಮಾಡಿದ. ತುಟಿಗೆ ಬಣ್ಣ ತಿರುಗಿ ಬಂತು.

"ನೋಡಿದ್ರ್ಯಾ? ದೂರಿಂದ ಹಿಡದ್ರೂ ಕೆಲಸಾ ಮಾಡೇತಿ!" ಎಂದ ಅಜ್ಜ.

ಕಂಡಕ್ಟರ್ ಕೇಳಿದ: "ಅಕ್ಕಾರ, ಮಿರಜಕ್ಕ ಜೀಪ್ ಹೇಳ್ಲೇನ್ರಿ?"

"ಬ್ಯಾಡ್ರಿ, ನಿಂತೈತಿ" ಎಂದೆ. ಹಾಗನ್ನಲು ನಾನ್ಯಾರು? ಮತ್ತೆ ಬಂದರೆ? ನಾಲ್ಕು ಜನ ಸೇರಿ ಅವನನ್ನು ಎತ್ತಿ ಬಸ್ಸಿನ ಉದ್ದನೆಯ ಸೀಟಿನ ಮೇಲೆ ಮಲಗಿಸಿದರು. ಬಸ್ಸು ಹೊರಟಿತು. ಉಸಿರು ಬರುತ್ತಿದೆಯೇ ಎಂದು ನಾನು ಅವನ ಮೂಗಿನ ಕೆಳಗೆ ಬೆರಳು ಹಿಡಿದೆ. ಪ್ರತಿ ತಗ್ಗಿಗೂ ಬಸ್ಸು ಕುಣಿದು ಬೆರಳು ಮೂಗಿನೊಳಗೇ ಹೋಗುತ್ತಿತ್ತು. ಯಡೂರು ಸಮೀಪಿಸುವಾಗ ಅವನು ಕಣ್ಣು ತೆರೆದ.

"ಬೆರಳ ತಗೀಬೇ," ಅಂದ. "ಉಸರಾಡಾಕರ ಬಿಡು."