ಎರಡು ಹುಕುಮುಗಳ ನಡುವೆ ನನ್ನ ಚಿಗವ್ವ

ಜಗಳ ಬಿಸಿಯೇರಿದಷ್ಟೂ ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ದನಿ ಇಳಿಸುತ್ತಿದ್ದಳು. ಎದುರಿನವರು ಕೇಳಿಸಲಿಲ್ಲವೆಂದು ಮುಂದಕ್ಕೆ ಬಾಗುತ್ತಿದ್ದರು. ಬಾಗಿದವರು ಅಲ್ಲಿಗೆ ಅರ್ಧ ಸೋತಂತೆ. ಸಂತೆಯ ನೂಲಿನ ವ್ಯಾಪಾರಿಗಳಿಂದ ಹಿಡಿದು ನಮ್ಮ ಅಜ್ಜನವರೆಗೆ ಎಲ್ಲರೂ ಹೀಗೆ ಬಾಗಿದವರೇ.

ಅವಳನ್ನು ಬನಹಟ್ಟಿಯ ನೇಕಾರರ ಮನೆಗೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಬಂದ ದಿನ, ಮಗಳು ತಂಗೆವ್ವನನ್ನು ಸೊಂಟಕ್ಕೇರಿಸಿ ತವರಾದ ರಬಕವಿಗೆ ನಡೆದೇ ಬಂದಳು. ದಾರಿ ಹೆಚ್ಚಿಲ್ಲ, ಬಾಯೊಳಗಿನ ಎಲೆಯಡಿಕೆ ಮುಗಿಯುವಷ್ಟು. ಆದರೆ ಆಗ ಬನಹಟ್ಟಿ ಒಂದು ಸಂಸ್ಥಾನದ್ದು, ರಬಕವಿ ಇನ್ನೊಂದರದು, ನಡುವೆ ಗಡಿಕಲ್ಲು. ಆ ಕಡೆಯ ಕೋರ್ಟು, ಕೂಸನ್ನು ತಂದೆಗೊಪ್ಪಿಸಬೇಕೆಂದು ಹುಕುಮು ಮಾಡಿತು. ಹುಕುಮು ಗಡಿಕಲ್ಲಿನ ತನಕ ಬಂದು ನಿಂತಿತು. ಆಗ ಗಂಡ ವಕೀಲರೊಡನೆ ಈ ಕಡೆಯ ಕೋರ್ಟಿಗೇ ಬಂದ: ತಂದೆ ಯಾವ ಸಂಸ್ಥಾನದವನೋ ಕೂಸೂ ಅಲ್ಲಿಯದೇ, ಆ ಹುಕುಮನ್ನು ಇಲ್ಲಿ ನಡೆಸಿಕೊಡಬೇಕು.

ಅಂದಿನ ಮಾತನ್ನು ಅಜ್ಜ ಸಾಯುವತನಕ ಹೇಳುತ್ತಿದ್ದ. ನಮ್ಮ ವಕೀಲರು ಎದೆಯುಬ್ಬಿಸಿ, ಕೂಸು ಹುಟ್ಟಿದ್ದೇ ರಬಕವಿಯಲ್ಲಿ ಎಂದರಂತೆ. ಮುನಸೀಫರು ನಕ್ಕರು.

"ವಕೀಲರ, ಚೊಚ್ಚಲ ಬಾಣಂತನ ತವರಾಗ ಆಗೂದು ಯಾರಿಗೆ ಗೊತ್ತಿಲ್ಲ? ನನ್ನ ಹಿರೀ ಮಗ ಮುಧೋಳದಾಗ ಹುಟ್ಟ್ಯಾನ. ಅವನ್ನ ಮುಧೋಳ ಸಂಸ್ಥಾನಕ್ಕ ಬಿಟ್ಟುಕೊಡ್ಲೇನು?"

ಕೋರ್ಟಿಗೆ ಕೋರ್ಟೇ ನಕ್ಕಿತು. ಖಟ್ಲೆ ಮುಗಿಯಿತೆಂದು ಅಜ್ಜ ರುಮಾಲು ಸುತ್ತತೊಡಗಿದ. ಆಗ ಚಿಗವ್ವ ಎದ್ದು ಏನೋ ಅಂದಳು. ಮುನಸೀಫರು ಮುಂದಕ್ಕೆ ಬಾಗಿದರು.

"ನಿಮ್ಮ ಮಗ ನಿಮಗಿರ್ಲಿ ಸಾಹೇಬರ. ಹುಟ್ಟಿದ ಊರು ಹಿಡದ್ರ ನಿಮ್ಮ ಮನಿ ಮುರೀತೈತಿ, ಅಪ್ಪನ ಊರು ಹಿಡದ್ರ ನಂದು ಮುರೀತೈತಿ. ಎರಡೂ ಬಿಡ್ರಿ. ಕೂಸು ದಿನಾ ಎಲ್ಲಿ ಉಣ್ತೈತಿ, ಜ್ವರ ಬಂದ್ರ ಯಾರ ತೊಡಿ ಮ್ಯಾಲ ಮಕ್ಕೋತೈತಿ, ಅದನ್ನ ಕೇಳ್ರಿ. ಆ ಕಡೀ ಕೋರ್ಟಿಗೆ ಕಲ್ಲು ಅಡ್ಡೈತಿ. ನಿಮಗೇನು ಅಡ್ಡೈತ್ರಿ?"

ಕೂಸು ತಾಯಿಯ ಹತ್ತಿರವೇ ಇರಲೆಂದು ಮುನಸೀಫರು ಹುಕುಮು ಮಾಡಿದರು. ಆದರೆ ಆಚೆಯ ಹುಕುಮನ್ನು ಯಾರೂ ರದ್ದು ಮಾಡಲಿಲ್ಲ. "ಕಲ್ಲು ದಾಟಿದ್ರ ನಿಮ್ಮಪ್ಪನ ಪಾಲಾಗ್ತಿ, ನೋಡವಾ," ಎಂದು ಚಿಗವ್ವ ಮಗಳಿಗೆ ನಗುತ್ತಲೇ ಹೇಳುತ್ತಿದ್ದಳು. ಹಬ್ಬ ಬಂದರೆ ತಂದೆ ಲಂಗದ ಅರಿವೆ ತಂದು ಕಲ್ಲಿನ ಮೇಲಿಟ್ಟು ಹಿಂದೆ ಸರಿದು ನಿಲ್ಲುತ್ತಿದ್ದ. ಎರಡು ಸಿಂಹಾಸನ, ಎರಡು ನ್ಯಾಯಾಸನ. ಒಂದು ಮಗುವಿನ ಬಾಲ್ಯವನ್ನು ಹೀಗೆ ಕಲ್ಲಿನ ಬುಡಕ್ಕೆ ಕಟ್ಟಿಹಾಕಿದ್ದಕ್ಕೆ ಉತ್ತರ ಹೇಳಬೇಕಾದವರು ಯಾರು? ಉತ್ತರ ಬರುವತನಕ ನಾನು ಕೇಳುವವನೇ.

ಸಂಸ್ಥಾನಗಳು ವಿಲೀನವಾದಾಗ ಕಾಲೇಜಿನಿಂದ ಓಡಿಬಂದು, ಗಡಿ ಸತ್ತಿತೆಂದು ಅಂಗಳದಲ್ಲಿ ಭಾಷಣ ಬಿಗಿದೆ.

"ಸತ್ತದ್ದು ಖರೆ," ಎಂದಳು ಚಿಗವ್ವ. "ಈಗ ಎರಡೂ ಹುಕುಮು ಒಂದ ಸರಕಾರದ್ದಾದೂವು. ಯಾವುದು ನಡೀತೈತಿ? ಕಾಯ್ದೆ ಓದಾಂವ, ಹೇಳಪಾ."

ಉತ್ತರ ಕೊಟ್ಟವಳು ತಂಗೆವ್ವ. ಆಗಲೇ ಸೀರೆ ಉಡುವ ಹುಡುಗಿ.

"ಯಾವುದೂ ನಡಿಯೂದಿಲ್ಲ. ಯಾವ ಕೋರ್ಟೂ ನನ್ನನ್ನ ಕೇಳಿಲ್ಲ. ನಾ ಅಪ್ಪನ್ನ ನೋಡಿ ಬರ್ತೇನಿ."

ಚಿಗವ್ವ ಮಗಳನ್ನು ಮುಂದೆ ಕೂಡಿಸಿಕೊಂಡು ಹೆರಳು ಹಾಕಿದಳು. ಮುಗಿದ ಹೆರಳನ್ನು, "ಸಡ್ಲ ಆಗೇತಿ" ಎಂದು ಬಿಚ್ಚಿ ಮತ್ತೆ ಹಾಕತೊಡಗಿದಳು. ತಂಗೆವ್ವ ಅಪ್ಪನನ್ನು ನೋಡಿ ಆ ಸಂಜೆಗೇ ಮರಳಿದಳೆಂದು ನನಗೆ ತಿಳಿದದ್ದು ಆಮೇಲೆ. ಮುಂದಿನ ರಜೆಗೆ ನಾನು ಬರುವಷ್ಟರಲ್ಲಿ ಚಿಗವ್ವ ತೀರಿಕೊಂಡಿದ್ದಳು. ಅವಳನ್ನು ಕಡೆಯ ಸಲ ಕಂಡ ಆ ಹೆರಳಿನ ದಿನ ನನ್ನ ಮೋಟಾರು ಬಸ್ಸಿಗೆ ಹೊತ್ತಾಗಿತ್ತು. ನಾನು ಹೊಸ್ತಿಲು ದಾಟುವಾಗ ಅವಳು ಆ ಹೆರಳನ್ನು ಇನ್ನೊಮ್ಮೆ ಬಿಚ್ಚುತ್ತಿದ್ದಳು.